ಬಾವುಟದ ಬುಡದಲ್ಲಿ ಕೂತ ಹಕ್ಕಿ

ಮದುವೆ ಕಾಗದದ ಕರಡು ಹಿಡಿದುಕೊಂಡು ಅಕ್ಕ ಬಂದಾಗ ನಾನು ಜಗಲಿಯಲ್ಲಿ ತಲೆ ಹಿಂದಕ್ಕೆ ಚೆಲ್ಲಿ ಕಣ್ಣಿಗೆ ಔಷಧಿ ಬಿಟ್ಟುಕೊಳ್ಳುತ್ತಿದ್ದೆ. ಅವಳು ನನ್ನ ಒಡಹುಟ್ಟಿದವಳಲ್ಲ. ಹೊನ್ನಾವರದ ಹೊಳೆಯಾಚೆ, ಟೊಂಕದಲ್ಲಿ, ನಮ್ಮ ಮನೆಯಿಂದ ಮೂರನೆಯ ಮನೆ. ನನಗೆ ನಡೆಯಲು ಬರುವ ಮೊದಲು ಸೊಂಟದ ಮೇಲೆ ಹೊತ್ತು ದಂಡೆಯುದ್ದ ತಿರುಗಿಸಿದವಳು, ಅದಕ್ಕೆ ಅಕ್ಕ. ಅವಳನ್ನು ಮದುವೆಯಾದವನು ಭಾವ.

"ಕಣ್ಣಿಗೆ ಎಂತ ಆತಾ?" ಎಂದಳು.

"ಎಂತ ಇಲ್ಲ. ದಿನಾ ಕಂಪ್ಯೂಟರ್ ನೋಡಿ ಉರಿ."

"ಇಪ್ಪತ್ತು ವರ್ಷ ಸಮುದ್ರ ನೋಡ್ದೆ, ಆಗ ಉರೀಲಿಲ್ಲ. ಈಗ ಪೆನ್ಶನ್ ಬರೂಕೆ ಶುರುವಾದ್ಮೇಲೆ ಪೆಟ್ಟಿಗಿ ನೋಡೂಕೆ ಹೋಗಿ ಕಣ್ಣ್ ಕಳ್ಕೊ" ಎಂದು ಬೈದು, ನನ್ನ ಪಕ್ಕದಲ್ಲಿ ಕೂತು, ಸೆರಗಿನಡಿಯಿಂದ ಕಾಗದ ತೆಗೆದಳು.

ಅವಳ ಮಗಳಿಗೆ ಭಟ್ಕಳದ ಹತ್ತಿರದ ಮುಟ್ಟಳ್ಳಿಯಲ್ಲಿ ಗಂಡು ಗೊತ್ತಾಗಿತ್ತು. ಗದ್ದೆ, ನಾಲ್ಕು ತೆಂಗಿನಮರ ಇರುವ ಮನೆ. ಹುಡುಗ ಕಾಲೇಜಿನಲ್ಲಿ ಪಾಠ ಮಾಡುತ್ತಾನೆ. ಕರಡು ಬಂದದ್ದು ಕುಮಟಾದ ಒಂದು ಪ್ರೆಸ್ಸಿನಿಂದ. ದೇವರ ಹೆಸರು, ಮುಹೂರ್ತ, ಅಕ್ಕನ ಹೆಸರು ಎಲ್ಲ ಸರಿಯಾಗಿಯೇ ಇತ್ತು. ಭಾವನ ಹೆಸರಿನ ಮುಂದೆ ಮಾತ್ರ ಒಂದು ಬೆರಳಗಲ ಜಾಗ ಖಾಲಿ ಬಿಟ್ಟು, ಪ್ರೆಸ್ಸಿನವನು ಪೆನ್ಸಿಲ್ಲಿನಲ್ಲಿ ಒಂದು ಪ್ರಶ್ನೆ ಚಿಹ್ನೆ ಹಾಕಿ ಕಳಿಸಿದ್ದ.

"ಇಲ್ಲಿ ಎಂತ ಹಾಕೂದು ಕೇಳ್ತಾರೆ" ಎಂದಳು. "ಶ್ರೀ ಹಾಕೂದಾ, ದಿವಂಗತ ಹಾಕೂದಾ? ಮುಟ್ಟಳ್ಳಿಯವರೂ ಕೇಳಿದ್ರು. ಬಾಯಿಬಿಟ್ಟು ಕೇಳಲಿಲ್ಲ, ಒಳ್ಳೆ ಜನ. ಮಂಟಪಕ್ಕೆ ಯಾರ್ ಯಾರ್ ಬರ್ತ್ರಿ ಅಂತ ಕೇಳಿದ್ರು. ನಾ ಕರಿಮಣಿ ಹಾಕ್ಕಂಡು ಎದುರಿಗೆ ನಿಲ್ಲೂದಾ, ಇಲ್ಲ ಹಿಂದೆ ಅಡುಗಿ ಬದಿಗೆ ಇರೂದಾ?"

ನಾನು ಔಷಧಿಯ ಸೀಸೆಗೆ ಮುಚ್ಚಳ ತಿರುಗಿಸಿದೆ.

"ಎಂಟು ವರ್ಷ ಆತು. ನಿನ್ನ ಹತ್ರ ಒಂದಿನಾನೂ ಕೇಳಲಿಲ್ಲ ನಾನು. ಹುಡುಕೂಕೆ ಹೋದವ ನೀನು. ಮೇಲಿಂದ ನೋಡಿದವ ನೀನು. ನೀನೇ ಹೇಳು ತಮಾ. ಅವ ಇದ್ದಾನ, ಇಲ್ವಾ?"

ಭಾನುವಾರದೊಳಗೆ ಹೇಳ್ತೆ ಅಂದೆ. ಪಂಚಾಂಗ ನೋಡಿ ಹೇಳುವ ಭಟ್ಟರ ಹಾಗೆ. ಅವಳು ನನ್ನ ಮುಖ ನೋಡಿ, ಕರಡನ್ನು ಅಲ್ಲೇ ಬಿಟ್ಟು, ಮೀನು ಹೆಚ್ಚುವುದು ಬಾಕಿ ಇದೆ ಎಂದು ಎದ್ದು ಹೋದಳು.

ನಾನು ನೌಕಾಪಡೆಯಲ್ಲಿ ಮಾಡಿದ ಕೆಲಸವನ್ನು ಊರಿನವರಿಗೆ ವಿವರಿಸುವುದು ಕಷ್ಟವಾಗುತ್ತಿತ್ತು. ವಿಮಾನದಲ್ಲಿ ಇರುತ್ತೇನೆ ಅಂದರೆ "ಹಾಗಾರೆ ನೀನೇ ಓಡ್ಸೂದಾ?" ಎಂದು ಕೇಳುತ್ತಿದ್ದರು. ಓಡಿಸುವುದು ಬೇರೆಯವರು, ನಾನು ಬಲಗಡೆಯ ಕಿಟಕಿಯಲ್ಲಿ ಕೂತು ಕೆಳಗೆ ನೋಡುವವನು ಅಂದರೆ ನಗು. ಕಿಟಕಿಯಲ್ಲಿ ಕೂತು ನೋಡಲು ಸರ್ಕಾರ ಸಂಬಳ ಕೊಡುತ್ತದೆಯೇ ಎಂದು. ನಗದೇ ಇದ್ದವನು ನನ್ನ ಅಜ್ಜ ಒಬ್ಬನೇ, ಯಾಕೆಂದರೆ ಅವನದೂ ಅದೇ ಕೆಲಸ. ಊರೆಲ್ಲ ಸೇರಿ ಎಳೆಯುವ ರಂಪಣಿ ಬಲೆಯ ಕಾಲದಲ್ಲಿ ಅವನು ದಂಡೆಯ ಮರಳುದಿಬ್ಬದ ಮೇಲೆ ನಿಂತು ನೀರು ನೋಡುತ್ತಿದ್ದ. ನೀರಿನ ಬಣ್ಣ ತಿರುಗಿದರೆ ಕೂಗಬೇಕು, ಕೆಳಗೆ ದೋಣಿಯವರು ಬಲೆ ಇಳಿಸಬೇಕು. ಅದರಲ್ಲಿ ಒಂದು ಕಟ್ಟುಕಟ್ಟಳೆ ಇತ್ತು. ದಿಬ್ಬದ ಮೇಲೆ ನಿಂತವನು ಮೀನಿನ ಹೆಸರು ಎತ್ತುವ ಹಾಗಿಲ್ಲ. "ಕಪ್ಪು, ತೆಂಕಕ್ಕೆ, ಎರಡು ಹಾಸು ಅಗಲ" ಅನ್ನಬೇಕು, ಅಷ್ಟೇ. ಅದು ಬಂಗಡೆಯೋ, ಬೈಗೆಯೋ, ಮೋಡದ ನೆರಳೋ, ಅದನ್ನು ತೀರ್ಮಾನಿಸುವುದು ದೋಣಿಯ ಮುಖ್ಯಸ್ಥ, ತಂಡೇಲ. ಮೇಲಿದ್ದವನು "ಬಂಗಡೆ" ಎಂದು ಕೂಗಿಬಿಟ್ಟರೆ ಕೆಳಗಿದ್ದವರ ಕಣ್ಣೂ ಬಂಗಡೆಯನ್ನೇ ಕಾಣಲು ಶುರುಮಾಡುತ್ತದೆ ಎಂದು ಅಜ್ಜ ಹೇಳುತ್ತಿದ್ದ. ನನ್ನ ಭಾಷೆಯೆಲ್ಲ ಅವನಿಂದಲೇ ಬಂದದ್ದು. ದೂರ ಹೇಳುವುದಕ್ಕೆ, ಬಣ್ಣ ಹೇಳುವುದಕ್ಕೆ, ಗಾಳಿಯ ಹೆಸರುಗಳಿಗೆ. ಆ ಕಟ್ಟಳೆಯೊಂದನ್ನು ಮಾತ್ರ ನಾನು ಬೇಕಾದ ದಿನ ಮರೆತೆ.

ಎಂಟು ವರ್ಷದ ಹಿಂದೆ, ಮಳೆಗಾಲದ ನಿಷೇಧ ಮುಗಿದು ಬೋಟುಗಳು ನೀರಿಗಿಳಿದ ವಾರ, ನಮ್ಮ ಟೊಂಕದ ಒಂದು ಬೋಟು ಮಧ್ಯಾಹ್ನದ ಗಾಳಿಗೆ ಮಗುಚಿತು. ಆರು ಜನರಲ್ಲಿ ಐವರು ಡೀಸೆಲ್ ಕ್ಯಾನು ಅಪ್ಪಿಕೊಂಡು ತೇಲುತ್ತಿದ್ದರು. ಬೆಳಕು ಇಳಿಯುವ ಮೊದಲೇ ಭಟ್ಕಳದ ಬೋಟಿನವರು ಎತ್ತಿಕೊಂಡರು. ಆರನೆಯವನು ಭಾವ. ಬೋಟು ತಿರುಗುವಾಗ ಅವನ ತಲೆ ಕಂಡಿತ್ತು, ಆಮೇಲೆ ಕಾಣಲಿಲ್ಲ ಎಂದು ಐವರೂ ಹೇಳಿದರು.

ಮರುದಿನ ಬೆಳಿಗ್ಗೆ ಹುಡುಕಲು ಹಾರಿದ ವಿಮಾನದಲ್ಲಿ ನಾನಿದ್ದೆ. ಕೇಳಿ ಹಾಕಿಸಿಕೊಂಡ ಪಾಳಿ. ಆ ನೀರು ನನಗೆ ಗೊತ್ತು, ಮನೆಯವರು ಕಾಯುತ್ತಿದ್ದಾರೆ ಎಂದು ಬೇಡಿಕೊಂಡಿದ್ದೆ. ಮುರ್ಡೇಶ್ವರ ಮತ್ತು ನೇತ್ರಾಣಿ ದ್ವೀಪದ ನಡುವೆ, ಹತ್ತೂವರೆ ಹೊತ್ತಿಗೆ, ನನ್ನ ಕಿಟಕಿಯ ಕೆಳಗೆ ಒಂದು ಬಿದಿರಿನ ಗಳ ಕಂಡಿತು. ತುದಿಯಲ್ಲಿ ಕೆಂಪು ಬಟ್ಟೆ, ಬುಡದಲ್ಲಿ ಥರ್ಮೋಕೋಲಿನ ಬುಂಡೆ. ಸಮುದ್ರದಲ್ಲಿ ಬಲೆ ಬಿಟ್ಟವರು ಗುರುತಿಗೆ ಬಲೆಯ ತುದಿಗೆ ಇಂಥ ಬಾವುಟ ಕಟ್ಟುತ್ತಾರೆ. ಪೈಲಟ್ಟು ಉತ್ತರದ ಕಡೆಯವನು. ಕಿವಿಯಲ್ಲಿ ಅವನ ದನಿ ಬಂತು, ಬಲಗಡೆ ಏನಾದರೂ?

"ಬಲೆಯ ಬಾವುಟ. ನಮ್ಮೂರ ಕಡೆಯದೇ" ಎಂದೆ.

ಆ ಮಾತಿನಲ್ಲಿ ಸ್ವಲ್ಪ ಹೆಮ್ಮೆಯೂ ಇತ್ತು, ಸುಳ್ಳು ಯಾಕೆ ಹೇಳಲಿ. ವಿಮಾನ ವಾಲಲಿಲ್ಲ, ನೇರ ಹೋಯಿತು. ಆ ಕಿಟಕಿಯಲ್ಲಿ ಬೇರೆ ಊರಿನವನು ಕೂತಿದ್ದರೆ "ಏನೋ ಕೆಂಪಗಿದೆ, ಗೊತ್ತಾಗುತ್ತಿಲ್ಲ" ಅನ್ನುತ್ತಿದ್ದ. ಪೈಲಟ್ಟು ಕೆಳಗಿಳಿಸಿ ಒಂದು ಸುತ್ತು ಹೊಡೆಯುತ್ತಿದ್ದ. ನಾನು ಊರಿನವನು. ನನಗೆ ಗೊತ್ತಿತ್ತು.

ಅರ್ಧ ತಾಸು ಬಿಟ್ಟು ಒಂದು ಸಂಗತಿ ಹೊಳೆಯಿತು. ಬಾವುಟ ಇದ್ದರೆ ಅದರಿಂದ ಮಣಿ ಪೋಣಿಸಿದ ಹಾಗೆ ಬಲೆಯನ್ನು ಎತ್ತಿಹಿಡಿಯುವ ಬುರುಡೆಗಳ ಸಾಲು ತೇಲಬೇಕು. ಅಲ್ಲಿ ಸಾಲು ಇರಲಿಲ್ಲ. ಒಂಟಿ ಗಳ. ಹೇಳಬಹುದಿತ್ತು. ಇಂಧನ ಕಡಿಮೆಯಾಗಿತ್ತು, ಸಮುದ್ರದ ಇನ್ನೂ ಎರಡು ಪಟ್ಟಿ ನೋಡುವುದಿತ್ತು, ತಿರುಗಿಸಿ ಅಂದರೆ ಮೊದಲು ಹೇಳಿದ್ದು ತಪ್ಪು ಎಂದು ಒಪ್ಪಿಕೊಂಡ ಹಾಗೆ. ನೆಲಕ್ಕಿಳಿದ ಮೇಲೆ ವರದಿಯಲ್ಲಿ "ಬಲೆಯ ಬಾವುಟ, ಒಂದು" ಎಂದು ಬರೆದು ಸಹಿ ಮಾಡಿದೆ.

ಮೂರನೆಯ ದಿನ, ನಾನು ರಜೆ ಹಾಕಿ ಊರಿಗೆ ಬಂದಿದ್ದಾಗ, ಭಟ್ಕಳದ ಬೋಟಿನ ಯಜಮಾನರೇ ಆ ಗಳವನ್ನು ಟೊಂಕಕ್ಕೆ ತಂದುಕೊಟ್ಟರು. ಬುಂಡೆಗೆ ಭಾವನ ಚೌಕುಳಿ ಟವಲು ಬಿಗಿದಿತ್ತು. ಟವಲಿನ ಇನ್ನೊಂದು ತುದಿಯಲ್ಲಿ ಒಬ್ಬ ಮನುಷ್ಯನ ಕಂಕುಳಡಿ ಹಾಯುವಷ್ಟು ದೊಡ್ಡ ಕುಣಿಕೆ. ಕುಣಿಕೆ ಖಾಲಿ ಇತ್ತು. "ತಂಗೀ, ಇಷ್ಟೇ ಸಿಕ್ಕಿದ್ದು" ಎಂದು ಅವರು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು ನಿಂತಿದ್ದರು. ಗಳ ಎಲ್ಲಿ ಸಿಕ್ಕಿತು ಎಂದು ಯಾರೋ ಕೇಳಿದರು. ಅವರು ಹೇಳಿದ ಜಾಗದಿಂದ ಒಂದು ದಿನದ ನೀರಿನ ಸೆಳೆತವನ್ನು ಹಿಂದಕ್ಕೆ ಲೆಕ್ಕ ಹಾಕಿದರೆ ನನ್ನ ಕಿಟಕಿಯ ಕೆಳಗೆ ಬಂದು ನಿಲ್ಲುತ್ತಿತ್ತು. ಲೆಕ್ಕ ಹಾಕಿದವನು ನಾನೊಬ್ಬನೇ. ಯಾರಿಗೂ ಹೇಳಲಿಲ್ಲ.

ಅಕ್ಕ ಕರಿಮಣಿ ತೆಗೆಯಲಿಲ್ಲ. ದೇಹ ಬಂದಿಲ್ಲ, ಬಂದಾಗ ನೋಡುವ ಎಂದಳು.

ಅಂದಿನಿಂದ ಆ ಗಳ ನನ್ನ ಜೊತೆ ಬಿಡಾರ ಹೂಡಿತು. ಮೊದಲ ವರ್ಷ ಕಣ್ಣು ಮುಚ್ಚಿದರೆ ಬರೀ ಗಳ ಮತ್ತು ಕೆಂಪು ಬಟ್ಟೆ. ಎರಡನೆಯ ವರ್ಷಕ್ಕೆ ಬುಂಡೆಯ ಪಕ್ಕ ಒಂದು ತಲೆ ಕಾಣಿಸಿಕೊಂಡಿತು. ಆಮೇಲೆ ಒಂದು ಕೈ. ಇತ್ತೀಚೆಗೆ ಮುಖವೂ ಕಾಣುತ್ತಿತ್ತು, ಮೇಲಕ್ಕೆ ತಿರುಗಿದ, ನೀರು ಸುರಿಯುವ ಮುಖ, ಕಿವಿಯ ಸಂದಿಯಲ್ಲಿ ಬೀಡಿ ಸಮೇತ. ನೀರಿನಲ್ಲಿ ಬಿದ್ದವನ ಕಿವಿಯಲ್ಲಿ ಬೀಡಿ ಎಲ್ಲಿರುತ್ತದೆ? ಸುಳ್ಳು ಎಂದು ಗೊತ್ತು. ಆದರೆ ಸುಳ್ಳು ಎಲ್ಲಿಂದ ಶುರುವಾಯಿತು ಎಂಬುದು ಗೊತ್ತಿಲ್ಲ. ಬೀಡಿಯಿಂದಲೋ, ಕೈಯಿಂದಲೋ, ತಲೆಯಿಂದಲೋ? ಆ ಕಿಟಕಿಯಲ್ಲಿ ನನ್ನ ಹೊರತು ಯಾರ ಕಣ್ಣೂ ಇರಲಿಲ್ಲ. ಫೋಟೋ ಇರಲಿಲ್ಲ. ಇದ್ದ ಒಂದೇ ದಾಖಲೆ ನನ್ನ ತಲೆ, ಅದು ಉಪ್ಪುನೀರಿಗೆ ಬಿದ್ದ ಕಾಗದದ ಹಾಗೆ ದಿನದಿಂದ ದಿನಕ್ಕೆ ಊದಿಕೊಳ್ಳುತ್ತಿತ್ತು.

ನಿವೃತ್ತನಾಗಿ ಬಂದ ಮೇಲೆ ಕುಮಟಾದಲ್ಲಿ ಒಂದು ಕೆಲಸ ಸಿಕ್ಕಿತು. ನೌಕಾಪಡೆಗೆ ಮನುಷ್ಯರಿಲ್ಲದ ವಿಮಾನ ಮಾಡಿಕೊಡುವ ಒಂದು ಸಣ್ಣ ಕಂಪನಿ ಅಲ್ಲಿ ಮಹಡಿಯ ಮೇಲೆ ಎರಡು ಕೋಣೆ ಬಾಡಿಗೆಗೆ ಹಿಡಿದಿತ್ತು. ವಿಮಾನ ಅಂದರೆ ರೆಕ್ಕೆ ಬಿಚ್ಚಿದರೆ ಒಂದು ಟೆಂಪೋದಲ್ಲಿ ಹಿಡಿಸುವಷ್ಟು. ಅದನ್ನು ಸಮುದ್ರದ ಮೇಲೆ ಹಾರಿಸುತ್ತಾರೆ, ಅದು ನೋಡಿದ್ದು ಕೋಣೆಯ ಪರದೆಯ ಮೇಲೆ ಬರುತ್ತದೆ. ಪರದೆಯಲ್ಲಿ ಕಂಡದ್ದು ಏನು ಎಂದು ಯಂತ್ರವೇ ಹೇಳಬೇಕಾದರೆ ಮೊದಲು ಅದಕ್ಕೆ ಕಲಿಸಬೇಕು. ಕಲಿಸುವುದು ನನ್ನ ಕೆಲಸ. ಸಾವಿರಾರು ಚಿತ್ರ ನೋಡಿ, ಒಂದೊಂದರ ಸುತ್ತ ಚೌಕ ಎಳೆದು ಹೆಸರು ಕೊಡುವುದು. ದೋಣಿ. ಟ್ರಾಲರ್. ಮರದ ದಿಮ್ಮಿ. ಬಲೆಯ ಬಾವುಟ.

ಕೋಣೆಯ ಉಸ್ತುವಾರಿ ಹುಬ್ಬಳ್ಳಿ ಕಡೆಯ ಒಬ್ಬ ಎಂಜಿನಿಯರ್ ಹೆಣ್ಣುಮಗಳದ್ದು. ಸಮುದ್ರ ನೋಡಿದ್ದೇ ಇಲ್ಲಿಗೆ ಬಂದಮೇಲೆ. "ಸರ್, ಇದೇನ್ರೀ? ಇದು ಕಸಾನೋ, ಮನಷ್ಯಾನೋ?" ಎಂದು ಮುಚ್ಚುಮರೆಯಿಲ್ಲದೆ ಕೇಳುತ್ತಿದ್ದಳು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅನ್ನುವ ಅವಳ ಗುಣ ನನಗೆ ಬಹಳ ಹಿಡಿಸಿತ್ತು. ನಾನು ಮಾತ್ರ ಒಂದೇ ನೋಟಕ್ಕೆ ಹೆಸರು ಹೇಳಿ ಮುಂದೆ ಹೋಗುತ್ತಿದ್ದೆ. ನನ್ನ ವೇಗ ನೋಡಿ ಅವಳು ಆಶ್ಚರ್ಯಪಡುತ್ತಿದ್ದಳು.

ಈ ಹೊಸ ವಿಮಾನದ ಬಗ್ಗೆ ನೌಕಾಪಡೆಯೊಳಗೆ ಎರಡು ಪಂಗಡ. ಹಾರಿ ಹಣ್ಣಾದವರಿಗೆ ಅದು ಆಟಿಕೆ; ಗಾಳಿ ಬಂದರೆ ಪಟದ ಹಾಗೆ ಹೋಗುತ್ತದೆ ಅನ್ನುತ್ತಾರೆ. ಲೆಕ್ಕಪತ್ರ ನೋಡುವವರಿಗೆ ಅದು ವರ. ಇನ್ನು ಪೈಲಟ್ಟು ಬೇಡ, ಕಿಟಕಿಯ ಕಣ್ಣು ಬೇಡ ಅನ್ನುತ್ತಾರೆ. ಎರಡೂ ಕಡೆಯವರ ಜೊತೆ ಚಾ ಕುಡಿದವನು ನಾನು. ನಿಜ ಹೇಳಬೇಕೆಂದರೆ ಯಂತ್ರದ ಕಡೆಗೂ ನನಗೆ ಪ್ರೀತಿ ಇತ್ತು. ಕಿಟಕಿಯಲ್ಲಿ ಕೂತವನ ಕಣ್ಣು ಅರ್ಧ ತಾಸಿಗೆ ಮಂಕಾಗುತ್ತದೆ, ಅಲೆಯೆಲ್ಲ ಒಂದೇ ಅಲೆಯಾಗುತ್ತದೆ. ಯಂತ್ರ ಬೆಳಗಿನಿಂದ ಸಂಜೆಯವರೆಗೆ ಒಂದೇ ನೀರನ್ನು ನೋಡುತ್ತ ಇರುತ್ತದೆ. ನೋಡಿದ್ದನ್ನು ಇಟ್ಟುಕೊಳ್ಳುತ್ತದೆ, ಅದಕ್ಕೆ ವರ್ಷ ಕಳೆದ ಹಾಗೆ ಕೈ, ಮುಖ, ಬೀಡಿ ಹುಟ್ಟುವುದಿಲ್ಲ. ಆದರೆ ಅದಕ್ಕೆ ಹಗ್ಗ ಇಳಿಸಿ ಒಬ್ಬನನ್ನು ಎತ್ತುವ ಕೈಯಿಲ್ಲ. ಆಷಾಢದ ಗಾಳಿಯಲ್ಲಿ ಓಲಾಡುವ ಹಡಗಿನ ಮೇಲೆ ಇಳಿಯುವ ತಾಕತ್ತು ಅದಕ್ಕೆ ಇನ್ನೂ ಬಂದಿಲ್ಲ.

ಅಕ್ಕ ಕರಡು ಕೊಟ್ಟುಹೋದ ವಾರವೇ ಕೊನೆಯ ಪರೀಕ್ಷೆ ಇತ್ತು. ಹೊನ್ನಾವರದ ಅಳಿವೆಯ ಹೊರಗೆ ನೌಕಾಪಡೆಯ ಒಂದು ಹಡಗು, ಅದರ ಮೇಲೆ ಹೆಲಿಕಾಪ್ಟರ್ ಸಿದ್ಧವಾಗಿ ನಿಲ್ಲುವುದು. ಯಂತ್ರ ಹೋಗಿ ನೋಡುವುದು. ಯಂತ್ರ ಮನುಷ್ಯನನ್ನು ಕಂಡರೆ ಹೆಲಿಕಾಪ್ಟರ್ ಏಳುವುದು, ಇಲ್ಲದಿದ್ದರೆ ಇಲ್ಲ. ನೀರಿಗಿಳಿಯಲು ಈಜು ಬಲ್ಲ ಟೊಂಕದ ಒಬ್ಬ ಗೆಳೆಯನನ್ನು ನಾನೇ ಒಪ್ಪಿಸಿದ್ದೆ. ಕಿತ್ತಳೆ ಬಣ್ಣದ ಜಾಕೀಟು ಬೇಡ, ಒಳಗೆ ಕಾಣದ ಹಾಗೆ ತೇಲುಪಟ್ಟಿ ಕಟ್ಟಿಕೊಂಡು, ಒಂದು ಬಲೆಯ ಬಾವುಟ ಹಿಡಿದುಕೊಂಡು ತೇಲು ಎಂದೆ. ಯಾಕೆ ಹಾಗೆ ಎಂದು ಅವನು ಕೇಳಲಿಲ್ಲ. ಊರಿನವನು, ಅವನಿಗೂ ನೆನಪಿತ್ತು.

"ನನ್ನೇ ಬಾವುಟ ಮಾಡ್ತೆ ಅಂದೆ, ಆತು" ಎಂದ. "ಮೀನ್ ಬಂದು ಕಾಲ್ ಕಚ್ಚಿದ್ರೆ ಪೆನ್ಶನ್ ಯಾರ್ ಕೊಡ್ತ್ರು?"

"ನಿನ್ನ ಕಾಲ್ ಯಾವ ಮೀನೂ ಮುಟ್ಟೂದಿಲ್ಲ ಮಾರಾಯಾ, ಹೆದರಬೇಡ."

ಅವನನ್ನು ನೀರಿಗೆ ಬಿಟ್ಟ ದೋಣಿ ದೂರ ಸರಿದು ಕಾಯುತ್ತ ನಿಂತಿತು. ನಾನು ಕುಮಟಾದ ಕೋಣೆಯಲ್ಲಿ, ಆ ಹೆಣ್ಣುಮಗಳ ಪಕ್ಕ. ಹಿಂದೆ ಒಬ್ಬ ಹಿರಿಯ ಅಧಿಕಾರಿ ಕೈಕಟ್ಟಿ ನಿಂತಿದ್ದರು. ಬೆಳಗಿನ ಹತ್ತು ದಾಟಿತ್ತು. ಪರದೆಯ ಮೇಲೆ ನೀರು ಸರಿಯುತ್ತಿತ್ತು, ಮೇಲಿಂದ ನೋಡಿದಾಗ ಅದಕ್ಕೆ ಬರುವ ಆ ಆನೆಯ ಚರ್ಮದ ಬಣ್ಣ. ಕೆಂಪು ಬಟ್ಟೆ ಬಂತು. ಯಂತ್ರ ತಕ್ಷಣ ಅದರ ಸುತ್ತ ಹಸಿರು ಚೌಕ ಎಳೆಯಿತು. ಹಸಿರು ಅಂದರೆ ಬಿಟ್ಟುಬಿಡಿ. ಮೇಲೆ ಹೆಸರು ಬಂತು: ಬಲೆಯ ಬಾವುಟ. ವಿಮಾನ ನೇರ ಹೋಯಿತು.

ಹೆಲಿಕಾಪ್ಟರ್ ಏಳಲಿಲ್ಲ. ಏಳಲು ಯಾರೂ ಹೇಳಲಿಲ್ಲ.

"ಮತ್ತೆ ಬರಲಿ" ಎಂದೆ. ಎರಡನೆಯ ಸಲವೂ ಹಸಿರು ಚೌಕ. ಮೂರನೆಯ ಸಲ ಎಂಜಿನಿಯರ್ ಚಿತ್ರವನ್ನು ನಿಲ್ಲಿಸಿ, ದೊಡ್ಡದು ಮಾಡಿದಳು. "ಸರ್, ಬುಂಡಿ ಬಾಜೂಕ ಒಂದ್ ಕರೀದು ಐತ್ರಿ. ಹಕ್ಕಿ ಕುಂತೈತೇನ್ರಿ?"

ನಾನು ಪರದೆಯ ಹತ್ತಿರಕ್ಕೆ ಬಾಗಿದೆ.

ನನ್ನ ನೆನಪಿನಲ್ಲಿ ಎಂಟು ವರ್ಷ ಬೆಳೆದ ತಲೆ ಒಂದು ಕೊಡದಷ್ಟು ದೊಡ್ಡದು. ಮೇಲಿಂದ ನೋಡಿದರೆ ನೀರಿನಲ್ಲಿರುವ ಮನುಷ್ಯನ ತಲೆ ಹಾಗೆ ಕಾಣುವುದಿಲ್ಲ. ಒಂದು ಹಕ್ಕಿಯಷ್ಟೇ. ರೆಕ್ಕೆ ಮಡಿಸಿ ಬುಂಡೆಗೆ ಒರಗಿ ಕೂತ, ಅಲ್ಲಾಡದ ಕಪ್ಪು ಹಕ್ಕಿ. ಅದನ್ನು ಕಂಡದ್ದೇ ಎಂಟು ವರ್ಷದಲ್ಲಿ ಒಮ್ಮೆಯೂ ನೆನಪಾಗದ ಒಂದು ಮಾತು ತಾನಾಗಿ ಮೇಲೆ ಬಂತು. ಅವತ್ತು ಕಿಟಕಿಯಲ್ಲಿ, ಪೈಲಟ್ಟಿಗೆ ಉತ್ತರ ಕೊಡುವ ಮೊದಲು, ನಾನು ನನ್ನಷ್ಟಕ್ಕೇ ಅಂದುಕೊಂಡಿದ್ದೆ: ಬಾವುಟದ ಬುಡದಲ್ಲಿ ಹಕ್ಕಿ ಕೂತಿದೆ.

ಕಂಡಿದ್ದೆ. ಕಂಡಿರಲಿಲ್ಲ ಎಂದಲ್ಲ. ಕಂಡು, ಅದಕ್ಕೂ ಒಂದು ಹೆಸರು ಕೊಟ್ಟು, ಮುಂದೆ ಹೋಗಿದ್ದೆ.

ಅಷ್ಟರಲ್ಲಿ ಪರದೆಯ ಮೇಲಿನ ಹಕ್ಕಿಗೆ ಒಂದು ಕೈ ಹುಟ್ಟಿತು. ಗೆಳೆಯ ಕಾದು ಕಾದು ಸಿಟ್ಟು ಬಂದು ಮೇಲೆ ನೋಡಿ ಕೈ ಬೀಸುತ್ತಿದ್ದ. ಬಾಯಿ ತೆರೆದು ಏನೋ ಅನ್ನುತ್ತಿದ್ದ, ಬೈಗುಳವೇ ಇರಬೇಕು. ಪರದೆಗೆ ದನಿ ಇಲ್ಲ. ಕೋಣೆಯಲ್ಲಿ ಯಾರೋ ನಕ್ಕರು. ಚೌಕ ಇನ್ನೂ ಹಸಿರಾಗಿಯೇ ಇತ್ತು.

"ದೋಣಿಯವರಿಗೆ ಹೇಳಿ, ಅವನನ್ನು ಎತ್ತಲಿ" ಎಂದೆ. ಅವನನ್ನು ಎತ್ತಿದ್ದನ್ನು ಕಣ್ಣಾರೆ ನೋಡುವವರೆಗೆ ಕೂರಲಿಲ್ಲ.

ಹಿರಿಯ ಅಧಿಕಾರಿ ಬೇಸರದಿಂದ, ಯಂತ್ರ ಇನ್ನೂ ಕಲಿತಿಲ್ಲ, ಹಾಗಾದರೆ ಹಳೆಯ ವಿಮಾನಗಳೇ ಗತಿ ಎಂದರು. ಯಂತ್ರದ ತಪ್ಪಲ್ಲ, ಅದಕ್ಕೆ ಆ ಹೆಸರು ಕಲಿಸಿದವನು ನಾನು ಎಂದೆ. ಹಳೆಯ ವಿಮಾನದಲ್ಲಿ ಕೂತು ಇದೇ ತಪ್ಪನ್ನು ಮಾಡಿದವನೂ ನಾನೇ. ಆ ದಿನದ ಕಥೆಯನ್ನು, ಭಾವನ ಸಂಬಂಧ ಒಂದು ಬಿಟ್ಟು, ಮೊದಲ ಸಲ ಬಾಯಿಬಿಟ್ಟು ಹೇಳಿದೆ. ಅವರು ಕೈಕಟ್ಟಿದ್ದನ್ನು ಬಿಟ್ಟರು. ಏನು ಮಾಡಬೇಕು ಅನ್ನುತ್ತೀರಿ ಎಂದು ಕೇಳಿದರು.

ಹೇಳಿದೆ. ಯಂತ್ರವನ್ನು ಹಳೆಯ ವಿಮಾನದ ಬದಲಿಗೆ ಎಂದು ತರಬೇಡಿ, ಅದರ ಜೊತೆಗೆ ತನ್ನಿ. ಮೊದಲ ಕೆಲವು ವರ್ಷ ಒಂದೇ ನೀರಿನ ಮೇಲೆ ಎರಡನ್ನೂ ಹಾರಿಸಿ. ಪರದೆ ನೋಡುವವರು ಮೊದಲು ಕಿಟಕಿಯಲ್ಲಿ ಕೂತು ವಾಂತಿ ಮಾಡಿಕೊಂಡು ಬರಲಿ. ಕಿಟಕಿಯವರು ಪರದೆಯ ಮುಂದೆ ಕೂತು ಕಣ್ಣು ಉರಿಸಿಕೊಳ್ಳಲಿ. ಎರಡೂ ಕಡೆಯವರು ಒಂದೇ ಮೇಜಿನಲ್ಲಿ ವರದಿ ಬರೆಯಲಿ. ಸಣ್ಣ ಹಡಗಿನ ಮೇಲೆ ಇದಕ್ಕೆ ಜಾಗ ಮಾಡಲು ಹೆಲಿಕಾಪ್ಟರ್ ಇಳಿಸಿ ಕಳಿಸಬೇಡಿ, ಕಣ್ಣು ಇಟ್ಟುಕೊಂಡು ಕೈ ಕತ್ತರಿಸಿಕೊಂಡ ಹಾಗೆ. ಎಲ್ಲಕ್ಕಿಂತ ಮೊದಲು, ಯಂತ್ರ ಕಂಡದ್ದನ್ನು ಹೇಳಲಿ, ಕೆಂಪು, ಒಂಟಿ, ಪಕ್ಕದಲ್ಲಿ ಕಪ್ಪು. ಅದು ಏನು ಎಂದು ಹೇಳುವ ಹಕ್ಕು ಹತ್ತಿರ ಹೋಗಿ ನೋಡುವವರಿಗಿರಲಿ. ಹಸಿರು ಚೌಕ ಬೇಡವೇ ಬೇಡ.

"ಸರ್, ಅಂದ್ರ ಇನ್ನೊಂದು ಹೆಸರು ಸೇರಿಸೂಣೇನ್ರಿ?" ಎಂದಳು ಎಂಜಿನಿಯರ್. "ಗೊತ್ತಿಲ್ಲ, ಹೋಗಿ ನೋಡ್ರಿ, ಅಂತ?"

"ಅದನ್ನೇ ಸೇರಿಸು. ನಾನು ಹೆಸರು ಕೊಟ್ಟ ಬಾವುಟಗಳನ್ನೆಲ್ಲ ಮೊದಲಿಂದ ತೆಗಿ. ಮತ್ತೆ ನೋಡುತ್ತೇನೆ."

ಮೂರು ಗಂಟೆಯ ರೈಲು ಹಿಡಿದು ಹೊನ್ನಾವರಕ್ಕೆ ಬಂದೆ. ಅಕ್ಕ ಅಂಗಳದಲ್ಲಿ ಒಣಮೀನು ತಿರುವಿ ಹಾಕುತ್ತಿದ್ದಳು. ಕಾಗೆ ಓಡಿಸಲು ಪಕ್ಕದಲ್ಲಿ ಕೋಲು. ನನ್ನನ್ನು ನೋಡಿ ಚಾ ಇಡಲು ಎದ್ದಳು. ಬೇಡ, ಕೂತ್ಕೋ ಎಂದೆ. ಕೂತಳು. ನಾನು ನಿಂತೇ ಹೇಳಿದೆ. ಗಳ, ಕೆಂಪು ಬಟ್ಟೆ, ಪೈಲಟ್ಟು ಕೇಳಿದ್ದು, ನಾನು ಹೇಳಿದ್ದು, ಬುರುಡೆಯ ಸಾಲು ಇಲ್ಲದ್ದು, ಹಕ್ಕಿ. ಇವತ್ತು ಪರದೆಯ ಮೇಲೆ ಕಂಡದ್ದು. ಏನನ್ನೂ ಬಿಡಲಿಲ್ಲ.

ಅವಳು ಬಹಳ ಹೊತ್ತು ಮೀನಿನ ಮೇಲೆ ಕೈಯಿಟ್ಟು ಕೂತಿದ್ದಳು. ಕಾಗೆ ಬಂದು ಒಂದನ್ನು ಕಚ್ಚಿಕೊಂಡು ಹೋಯಿತು, ಓಡಿಸಲಿಲ್ಲ.

"ಎಂಟು ವರ್ಷ" ಎಂದಳು. "ಎಂಟು ವರ್ಷ ಇದೇ ಜಗಲಿ ಮೇಲೆ ಕೂತು ನನ್ನ ಕೈಯಲ್ಲಿ ಚಾ ಕುಡಿದ್ಯಲ್ಲೋ."

"ಹೌದು."

"ಎಷ್ಟ್ ಗಂಟಿ ಆಗಿತ್ತು?"

"ಹತ್ತೂವರೆ."

"ಹತ್ತೂವರೆಗೆ ನಾ ದಂಡೆ ಮೇಲೆ ಇದ್ದೆ. ಇದ್ದಾನೆ, ಅವ ಇದ್ದಾನೆ ಅಂತ ಕೂಗ್ತಿದ್ದೆ. ತಲೆ ಕೆಟ್ಟಿದೆ ಅಂತ ಹಿಡ್ಕಂಡು ಮನಿಗೆ ಕರ್ಕಂಡು ಬಂದ್ರು." ಸೆರಗಿನಲ್ಲಿ ಮುಖ ಒರೆಸಿಕೊಂಡಳು. "ಹಾಗಾರೆ ನಾ ಹೇಳಿದ್ದು ಸಮ ಇತ್ತು."

"ಸಮ ಇತ್ತು."

"ಕೈ ಎತ್ತಿದ್ನಾ?"

ಇಲ್ಲಿ ಸುಳ್ಳು ಹೇಳುವುದು ಸುಲಭವಿತ್ತು, ಯಾವ ಸುಳ್ಳು ಒಳ್ಳೆಯದು ಎಂದು ತಿಳಿಯುವುದು ಕಷ್ಟವಿತ್ತು. "ನಾ ನೋಡಿದ್ದು ಅಲ್ಲಾಡದ ಹಾಗೆ ಇತ್ತು. ನಾವು ದಾಟಿ ಹೋದ್ಮೇಲೆ ಎತ್ತಿದ್ನೋ ಏನೋ, ನಂಗೆ ಗೊತ್ತಿಲ್ಲ ಅಕ್ಕಾ."

"ಎತ್ತಿರ್ತಾನೆ" ಎಂದಳು. "ನಿಂಗೆ ಗೊತ್ತಿಲ್ಲ. ಮೀನಿಗೆ ಹೋದಾಗ ಮೇಲೆ ವಿಮಾನ ಹೋದ್ರೆ ಸಾಕು, ಬಲೆ ಬಿಟ್ಟು ಎದ್ದು ನಿಂತು ಕೈ ಮಾಡ್ತಿದ್ನಂತೆ. ನಮ್ಮ ತಮ್ಮ ಇದ್ದಾನೆ ಅದ್ರಲ್ಲಿ ಅಂತ. ಬೋಟಿನವರೆಲ್ಲ ನಗ್ತಿದ್ರು. ಬೊಂಬಾಯಿಗೆ ಹೋಗೂ ವಿಮಾನಕ್ಕೂ ಕೈ ಮಾಡ್ತಿದ್ನಂತೆ."

ಇದು ನನಗೆ ಯಾರೂ ಹೇಳಿರಲಿಲ್ಲ. ನಾನು ಅವಳ ಎದುರಿಗೆ ನೆಲದ ಮೇಲೆ ಕೂತುಬಿಟ್ಟೆ. ಎಂಟು ವರ್ಷ ನಾನು ಮೇಲಿಂದಲೇ ನೋಡುತ್ತ ಬಂದಿದ್ದೆ. ಕೆಳಗಿನಿಂದ ಅದು ಹೇಗೆ ಕಂಡಿರಬಹುದು ಎಂದು ಒಂದು ದಿನವೂ ಯೋಚಿಸಿರಲಿಲ್ಲ. ಟವಲಿನ ಕುಣಿಕೆಯಲ್ಲಿ ಜೋತುಬಿದ್ದು, ನೀರಿನ ಸದ್ದಿನ ಮೇಲೆ ಎಂಜಿನ್ನಿನ ಸದ್ದು ಕೇಳಿ, ನಮ್ಮವನು ಬಂದ, ಕಂಡ, ಈಗ ತಿರುಗಿ ಬರುತ್ತಾನೆ ಎಂದು ಅವನು ಕಾದಿರುತ್ತಾನೆ. ಎಷ್ಟು ಹೊತ್ತು ಕಾದನೋ.

"ಕರಡು ಎಲ್ಲಿದ್ದು?" ಎಂದಳು ಅಕ್ಕ.

ಕಿಸೆಯಿಂದ ತೆಗೆದೆ.

"ದಿವಂಗತ ಹಾಕ್ಸು. ಮುಟ್ಟಳ್ಳಿಗೆ ನೀನೇ ಹೋಗಿ ಹೇಳು, ನಾ ಹೇಳೂದಿಲ್ಲ. ಹ್ಯಾಂಗೆ ಹೋದ ಅಂತ ಕೇಳಿದ್ರೆ ಇದನ್ನೇ ಹೇಳು, ಕಮ್ಮಿ ಮಾಡಿ ಹೇಳ್ಬೇಡ." ಕೋಲು ಎತ್ತಿ ಕಾಗೆಗೆ ಬೀಸಿದಳು. "ಕರಿಮಣಿ ನಾ ತೆಗ್ಯೂದಿಲ್ಲ. ಮಂಟಪದ ಎದುರಿಗೇ ನಿಲ್ತೆ. ಅದು ಯಾರೂ ಕೇಳೂದಲ್ಲ. ಇನ್ನ್ ನೀ ಹೋಗು. ಸ್ವಲ್ಪ ದಿನ ಇಲ್ಲಿ ಬರಬೇಡ. ನಾನೇ ಕರಿತೆ."

ಮರುದಿನ ಕುಮಟಾದಲ್ಲಿ ಇಳಿದು ಮೊದಲು ಕೋಣೆಗೆ ಹೋದೆ. ಎಂಜಿನಿಯರ್ ನಾನು ಹೇಳಿದ್ದನ್ನೆಲ್ಲ ಸಾಲಾಗಿ ಬರೆದಿಟ್ಟಿದ್ದಳು. ಇನ್ನೊಂದು ಸೇರಿಸಬೇಕು ಎಂದೆ. ಗೊತ್ತಾಗದ್ದು ಏನು ಕಂಡರೂ ಯಂತ್ರ ಅದರ ಮೇಲೆ ಕೆಳಕ್ಕಿಳಿದು ಒಂದು ಪೂರಾ ಸುತ್ತು ಹೊಡೆಯಬೇಕು. ರೆಕ್ಕೆಯ ದೀಪ ಹೊತ್ತಿಸಬೇಕು. ಆಮೇಲೆ ಹೆಲಿಕಾಪ್ಟರ್ ಬರುವವರೆಗೆ ಅಲ್ಲಿಂದ ಕದಲಬಾರದು.

"ಚಿತ್ರ ಒಂದ್ ಸಲಕ್ಕೇ ಸಿಗ್ತದಲ್ರಿ ಸರ್. ಸುತ್ತು ಯಾಕ್ರಿ?"

"ನಮಗಲ್ಲ. ಕೆಳಗಿದ್ದವನಿಗೆ. ಅದರಲ್ಲಿ ಯಾರೂ ಇಲ್ಲ ಅಂತ ಅವನಿಗೂ ಗೊತ್ತಿರುತ್ತದೆ. ಆದರೂ ಯಾರೋ ಕಂಡರು ಅಂತ ತಿಳಿಯಬೇಕು."

ಅವಳು ಪೆನ್ನು ತೆಗೆದು ಬರೆದುಕೊಂಡಳು.

ಅಲ್ಲಿಂದ ಪ್ರೆಸ್ಸಿಗೆ. ಅಕ್ಷರ ಜೋಡಿಸುವವನು ಕರಡು ನೋಡಿ, ಖಾಲಿ ಜಾಗದಲ್ಲಿ ನಾನು ಹೇಳಿದ್ದನ್ನು ತುಂಬಿ, ಹೊಸ ಹಾಳೆ ತೆಗೆದುಕೊಟ್ಟ. "ಸಮಾ ನೋಡಿ ಸಹಿ ಹಾಕಿ. ಅಚ್ಚಾದ್ಮೇಲೆ ತಪ್ಪು ಅಂದ್ರೆ ನಂಗೆ ಎಂತ ಮಾಡೂಕೂ ಆಗೂದಿಲ್ಲ" ಎಂದ.

ಬೆಂಚಿನ ಮೇಲೆ ಕೂತು, ದೇವರ ಹೆಸರಿನಿಂದ ಶುರುಮಾಡಿ, ಒಂದೊಂದು ಅಕ್ಷರದ ಕೆಳಗೆ ಬೆರಳಿಟ್ಟು ಓದಿದೆ. ಗೊತ್ತಿದ್ದ ಹೆಸರುಗಳನ್ನೂ ಗೊತ್ತಿಲ್ಲದವನ ಹಾಗೆ ಓದಿದೆ. ಭಾವನ ಹೆಸರಿನ ಹತ್ತಿರ ಬಂದಾಗ ಬೆರಳು ನಿಂತಿತು. ಗಿರಾಕಿಗಳು ಬಂದರು, ಹೋದರು. ಪ್ರೆಸ್ಸಿನವನು ಎರಡು ಸಲ "ಆತಾ ಸರ್?" ಎಂದು ಕೇಳಿದ.

ಇನ್ನೂ ಇಲ್ಲ, ಸ್ವಲ್ಪ ನಿಲ್ಲಿ, ನೋಡುತ್ತಿದ್ದೇನೆ ಎಂದೆ.